ಅಗ್ಗದ ಯೂರಿಯಾ, ಆಳಕ್ಕಿಳಿಯದ ಬೇರು

ಮುಂಗಾರು ಬಂತೆಂದರೆ ನಮ್ಮ ಗಡಿನಾಡಿನ ಶಾಲೆಗಳ ಅಂಗಳದಲ್ಲಿಯೂ ಹೊಲದ ಬದುಗಳಲ್ಲಿಯೂ ಸಸಿ ನೆಡುವ ಕಾರ್ಯ ಆರಂಭವಾಗುತ್ತದೆ. ಕಣೇಕಲ್ಲು ಸೀಮೆಗೆ ಇದು ಬರಿಯ ಆಚರಣೆಯಲ್ಲ. ಹಗರಿಯೆಂದು ನಾವು ಕರೆಯುವ ವೇದಾವತಿಯ ಒಣ ಪಾತ್ರದಿಂದ ಗಾಳಿಗೇಳುವ ಮರಳು ಹೊಲಗಳನ್ನು ಆವರಿಸುತ್ತಿರುವಾಗ, ಅದನ್ನು ಹಿಡಿದು ನಿಲ್ಲಿಸಲು ಮರದ ಬೇರೇ ಬೇಕು. ಆದರೆ ಮಳೆಗಾಲದಲ್ಲಿ ಹಸುರಾಗಿದ್ದ ಸಸಿಗಳು ಬೇಸಿಗೆಗೆ ಒಣಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ನೀರಿನ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. ಹಾಕುವ ಗೊಬ್ಬರದ ಪಾಲೂ ಇದೆ.

ಸಾರಜನಕ ಧಾರಾಳವಾಗಿ ದೊರೆತ ಗಿಡ ಎಲೆ, ಚಿಗುರುಗಳನ್ನೇ ಹೆಚ್ಚಿಸಿಕೊಳ್ಳುತ್ತದೆ. ಅದಕ್ಕೆ ತಕ್ಕಷ್ಟು ಬೇರು ಬೆಳೆಯುವುದಿಲ್ಲ. ಬೇರು ಆಹಾರವಿದ್ದೆಡೆ ಕವಲೊಡೆಯುತ್ತದೆ. ನೀರೂ ಗೊಬ್ಬರವೂ ಮೇಲ್ಮಣ್ಣಿನಲ್ಲಿಯೇ ಸಿಕ್ಕರೆ ಅಲ್ಲಿಯೇ ಹಬ್ಬುತ್ತದೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಕಾಣುವ ಅನಂತಪುರ ಸೀಮೆಯಲ್ಲಿ ಎಲೆ ಹೆಚ್ಚು, ಬೇರು ಕಡಿಮೆ ಎಂದರೆ ಸಸಿಗೆ ಸಾವೇ ಸರಿ.

ರೈತನನ್ನು ದೂರುವುದು ನ್ಯಾಯವಲ್ಲ. 2010ರ ಏಪ್ರಿಲ್‌ನಿಂದ ರಂಜಕ, ಪೊಟ್ಯಾಷ್ ಗೊಬ್ಬರಗಳಿಗೆ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿ ಬಂದಿತು. ಯೂರಿಯಾದ ಬೆಲೆ ಮಾತ್ರ ಸರ್ಕಾರದ ನಿಯಂತ್ರಣದಲ್ಲಿಯೇ ಉಳಿಯಿತು. 45 ಕಿಲೋ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. 50 ಕಿಲೋ ಡಿ.ಎ.ಪಿ. ಚೀಲಕ್ಕೆ 1,350 ರೂಪಾಯಿ. ಬಡವನ ಕೈ ಯಾವ ಚೀಲದತ್ತ ಚಾಚೀತೆಂಬುದನ್ನು ಹೇಳಬೇಕಾಗಿಲ್ಲ.

ಹಾಗೆಂದು ಗೊಬ್ಬರವೇ ಬೇಡವೆಂದು ನಾವು ಹೇಳುತ್ತಿಲ್ಲ. ರಂಜಕ ಮಣ್ಣಿನಲ್ಲಿ ಹೆಚ್ಚು ಚಲಿಸದು. ಆದ್ದರಿಂದ ನೆಡುವಾಗಲೇ ಕಳಿತ ಕೊಟ್ಟಿಗೆ ಗೊಬ್ಬರದೊಡನೆ ಗುಂಡಿಯ ಮಣ್ಣಿಗೆ ಅದನ್ನು ಬೆರೆಸಬೇಕು. ಯೂರಿಯಾವನ್ನು ಸಸಿ ಬೇರೂರಿದ ಬಳಿಕ, ಮಣ್ಣು ಹಸಿಯಿರುವಾಗ, ಬುಡದಿಂದ ದೂರದಲ್ಲಿ, ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಮರಳುಮಣ್ಣಿನಲ್ಲಿ ಒಮ್ಮೆಲೇ ಸುರಿದದ್ದು ನೀರಿನೊಡನೆ ಇಳಿದುಹೋಗುತ್ತದೆ. ಬುಡಕ್ಕೇ ಸುರಿದರೆ ಎಳೆಬೇರು ಸುಡುತ್ತದೆ. ನೀರನ್ನು ಪದೇಪದೇ ಚಿಮುಕಿಸುವುದಕ್ಕಿಂತ ಅಂತರ ಬಿಟ್ಟು ಆಳಕ್ಕಿಳಿಯುವಂತೆ ಹಾಯಿಸುವುದು ಲೇಸು.

ಸಸಿಗಳ ಲೆಕ್ಕವನ್ನು ನೆಟ್ಟ ದಿನದಂದಲ್ಲ, ಮೂರನೆಯ ಬೇಸಿಗೆಯ ಬಳಿಕ ತೆಗೆದುಕೊಳ್ಳಬೇಕೆಂಬುದು ನಮ್ಮ ಆಗ್ರಹ. ಮಣ್ಣು ಪರೀಕ್ಷೆಯ ಫಲಿತಾಂಶವೂ ಗೊಬ್ಬರದ ಪ್ರಮಾಣವೂ ಇಲ್ಲಿನ ಕನ್ನಡ ಕುಟುಂಬಗಳಿಗೆ ಕನ್ನಡದಲ್ಲಿಯೇ ದೊರೆಯಬೇಕು. ಓದಲಾಗದ ಸಲಹೆ ಬೇರಿಗೆ ತಲುಪದ ಗೊಬ್ಬರದಂತೆಯೇ. ಪೋಷಕರು ಈ ಮುಂಗಾರಿನಲ್ಲಿ ಮಕ್ಕಳನ್ನು ಕೂಡಿಕೊಂಡು ಒಣಗಿದ ಒಂದು ಸಸಿಯನ್ನು ಕಿತ್ತು ಅದರ ಬೇರಿನ ಉದ್ದವನ್ನು ಅಳೆಯಲಿ. ಮುಂದಿನ ಗುಂಡಿಯನ್ನು ಹೇಗೆ ತೋಡಬೇಕೆಂಬುದನ್ನು ಆ ಬೇರೇ ತಿಳಿಸುತ್ತದೆ.