ಹಿಮ ಬೀಳದ ಊರಿನ ಮಕ್ಕಳು ಚಳಿಗಾಲದ ಬಗ್ಗೆ ಏನು ಬರೆಯಬೇಕು?



ದೀಪಾವಳಿ ಸೂಟಿ ಮುಗಿದು ಎರಡನೇ ಸತ್ರ ಶುರುವಾಯಿತೆಂದರೆ ನಮ್ಮ ಕನ್ನಡ ಶಾಲೆಗಳಲ್ಲಿ ಒಂದು ಪ್ರಬಂಧ ತಪ್ಪದೇ ಬರುತ್ತದೆ. ಅದೇ 'ಚಳಿಗಾಲ'. ನಮ್ಮ ದೇಶದಲ್ಲಿ ಮೂರು ಕಾಲಗಳಿವೆ ಎಂದು ಶುರು, ಜನರು ಉಣ್ಣೆಯ ಬಟ್ಟೆ ಧರಿಸುತ್ತಾರೆ ಎಂದು ನಡು, ಹೀಗೆ ಚಳಿಗಾಲವು ಬಹಳ ಉಪಯುಕ್ತವಾಗಿದೆ ಎಂದು ಮುಕ್ತಾಯ. ಫಳ್ಯಾದ ಮೇಲೆ ನಾವು ಬರೆಯುತ್ತೇವೆ, ಮಕ್ಕಳು ಇಳಿಸಿಕೊಳ್ಳುತ್ತಾರೆ. ಇಡೀ ವರ್ಗದಲ್ಲಿ ಒಂದೇ ಚಳಿಗಾಲ!

ನಮಗೂ ಇದು ಬೇಸರವಾಗಿ ಕೆಲವು ವರ್ಷಗಳ ಹಿಂದೆ ಹೊಸದೇನಾದರೂ ಸಿಗಬಹುದೆಂದು ಅಂತರ್ಜಾಲದಲ್ಲಿ ಹುಡುಕಿದೆವು. ಇಂಗ್ಲಿಷಿನಲ್ಲಿ ರಾಶಿ ರಾಶಿ ಸಿಕ್ಕವು. 'ನೀನು ಮಾಡಿದ ಹಿಮದ ಬೊಂಬೆಗೆ ಜೀವ ಬಂದರೆ?', 'ಹಿಮ ಬಿದ್ದು ಶಾಲೆಗೆ ರಜೆ ಸಿಕ್ಕ ದಿನ ಏನು ಮಾಡುವೆ?' ಎಂಬಂಥವು. ಅಮೆರಿಕದ ಉತ್ತರ ಭಾಗದಲ್ಲಿ ರಸ್ತೆ ಮುಚ್ಚುವಷ್ಟು ಹಿಮ ಬಿದ್ದರೆ ಶಾಲೆಗೆ ರಜೆ ಕೊಡುತ್ತಾರೆ. ಅಲ್ಲಿನವರು ಅದಕ್ಕೆ 'ಸ್ನೋ ಡೇ' ಎನ್ನುತ್ತಾರೆ. ಅಲ್ಲಿನ ಶಿಕ್ಷಕರು ಆ ಮಕ್ಕಳಿಗಾಗಿ ಮಾಡಿದ ವಿಷಯಗಳವು. ನಾವು ಅದರಲ್ಲಿ ಒಂದನ್ನು ಕನ್ನಡಕ್ಕೆ ತಂದು 'ಹಿಮ ಬಿದ್ದ ದಿನ' ಎಂದು 5ನೇ ಇಯತ್ತೆಯ ಮಕ್ಕಳಿಗೆ ಕೊಟ್ಟೆವು. ಆಗ ನಾವು ಇಚಲಕರಂಜಿ ಕಡೆಯ ಶಾಲೆಯೊಂದರಲ್ಲಿದ್ದೆವು.

ಏನಾಯಿತು? ಹೆಚ್ಚಿನ ಮಕ್ಕಳು ಟಿ.ವಿ.ಯಲ್ಲಿ ಕಂಡದ್ದನ್ನು ಬರೆದರು. ಹಿಮ ಬೆಳ್ಳಗಿರುತ್ತದೆ, ತಣ್ಣಗಿರುತ್ತದೆ, ಕಾಶ್ಮೀರದಲ್ಲಿ ಬೀಳುತ್ತದೆ ಎಂದು ನಾಲ್ಕು ಸಾಲು. ಒಬ್ಬ ಹುಡುಗ ಮಾತ್ರ ಬೇರೆ ಬರೆದಿದ್ದ. ಅವನ ತಂದೆ ಪಾವರ್‌ಲೂಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು. ಅವನು ಬರೆದದ್ದು ಹೀಗಿತ್ತು:

"ನಮ್ಮ ಅಪ್ಪ ರಾತ್ರಿ ಪಾಳಿ ಮುಗಿಸಿ ಮುಂಜಾನೆ ಬರತಾನ. ಅವನ ತಲಿ ಮ್ಯಾಲ, ಹುಬ್ಬಿನ ಮ್ಯಾಲ ಹತ್ತಿ ಬೆಳ್ಳಗ ಕುಂತಿರತದ. ಅವ್ವ ಟಾವೆಲ್ಲಿಂದ ಝಾಡಸತಾಳ. ನಮ್ಮ ಮನ್ಯಾಗ ದಿನಾ ಹಿಮ ಬೀಳತದ. ಅಪ್ಪ ಭಾಳ ಕೆಮ್ಮತಾನ."

ನಾವು ಮಾಡಿದ್ದನ್ನು ಮುಚ್ಚಿಡುವುದಿಲ್ಲ. 'ಬರತಾನ', 'ಮ್ಯಾಲ', 'ಝಾಡಸತಾಳ' ಎಲ್ಲದರ ಕೆಳಗೆ ಕೆಂಪು ಗೆರೆ ಎಳೆದು, ವಿಷಯಕ್ಕೆ ಸಂಬಂಧವಿಲ್ಲ ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆವು. ಟಿ.ವಿ. ನೋಡಿ ಬರೆದವರಿಗೆ ಏಳು, ಎಂಟು! ರಾತ್ರಿ ಮನೆಯಲ್ಲಿ ವಹಿಗಳನ್ನು ಮತ್ತೆ ತಿರುವಿದಾಗ ನಮಗೆ ನಾಚಿಕೆಯಾಯಿತು. ಇಡೀ ವರ್ಗದಲ್ಲಿ ತಾನು ಕಂಡದ್ದನ್ನು ಬರೆದವನು ಅವನೊಬ್ಬನೇ. ಮಗ್ಗದ ಮನೆಯ ಧೂಳು, ಅಪ್ಪನ ಕೆಮ್ಮು, ಅವ್ವನ ಕೈ ಎಲ್ಲವೂ ಆ ಐದು ಸಾಲಿನಲ್ಲಿದ್ದವು. ಮರುದಿನ ಅಂಕ ತಿದ್ದಿದೆವು. ಅಂದಿನಿಂದ ನಮ್ಮ ಅಭಿಪ್ರಾಯವೂ ಬದಲಾಯಿತು. ಅದನ್ನು ಹೇಳಲಿಕ್ಕೇ ಈ ಲೇಖನ.

ಮಕ್ಕಳು ಹಿಮದ ಬಗ್ಗೆ ಬರೆಯಬಾರದು ಎಂದು ನಾವು ಹೇಳುವುದಿಲ್ಲ. ಕಲ್ಪನೆ ಬೇಕು. ಆದರೆ ಕಲ್ಪನೆಗೂ ನಿಲ್ಲಲು ಒಂದು ನೆಲ ಬೇಕಲ್ಲವೇ? ಮೊದಲು ತನ್ನ ಊರಿನ ಚಳಿ, ಆಮೇಲೆ ಪರ ಊರಿನ ಹಿಮ. ಗಡಿಯಾಚೆಯ ನಮ್ಮ ಮಕ್ಕಳಿಗೆ ಇದು ಇನ್ನೂ ಮುಖ್ಯ. ಪುಣೆಯ ಬಾಲಭಾರತಿ ಸಂಸ್ಥೆ ನಮಗೆ ಕನ್ನಡದಲ್ಲಿ ಪಠ್ಯಪುಸ್ತಕ ಕೊಡುತ್ತದೆ, ಸಂತೋಷ. ಆದರೆ ಪೇಟೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ, ಮನೆಯಲ್ಲಿ ನಮ್ಮ ಗಡಿ ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ. ಮನೆಯ ಮುಂಜಾವನ್ನು ಕನ್ನಡದಲ್ಲಿ ಒಮ್ಮೆಯೂ ಬರೆಯದ ಮಗುವಿಗೆ ಕನ್ನಡ ಎಂದರೆ ಬರೀ ಪರೀಕ್ಷೆಯ ವಿಷಯ. ಅಂಥ ಮಗು ನಾಳೆ ಪಾಲಕನಾದಾಗ ತನ್ನ ಮಗುವನ್ನು ಕನ್ನಡ ಶಾಲೆಗೆ ಯಾಕೆ ಹಾಕೀತು?

ನಾವು ಆಮೇಲೆ ವರ್ಗದಲ್ಲಿ ಮಾಡಿ ನೋಡಿದ ಕೆಲವು ವಿಷಯಗಳನ್ನು ಇಲ್ಲಿ ಕೊಡುತ್ತೇವೆ. ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ.

1. ಇಂದು ಮುಟ್ಟಿದ ಮೊದಲ ತಣ್ಣನೆಯ ವಸ್ತು. 'ಚಳಿಗಾಲ' ಎಂದರೆ ಮಗು ಗೈಡ್ ನೆನಪಿಸಿಕೊಳ್ಳುತ್ತದೆ. 'ಇಂದು ಮುಂಜಾನೆ ಮೊದಲು ಏನು ಮುಟ್ಟಿದಾಗ ಕೈ ಸೆಟೆಯಿತು?' ಎಂದರೆ ತನ್ನ ಕೈ ನೆನಪಿಸಿಕೊಳ್ಳುತ್ತದೆ. ಹಿತ್ತಾಳೆ ಕೊಡ, ಸೈಕಲ್ ಹ್ಯಾಂಡಲ್, ಎಮ್ಮೆಯ ಹಗ್ಗ, ಶಾಲೆಯ ಫರಸಿ ಎಂದು ಒಬ್ಬೊಬ್ಬರದು ಒಂದೊಂದು ಬರುತ್ತದೆ. ಒಂದು ಎಚ್ಚರಿಕೆ ಇರಲಿ. 'ನಿನ್ನ ಸ್ವೆಟರ್ ಬಗ್ಗೆ ಬರೆ' ಎಂದು ಮಾತ್ರ ಹೇಳಬೇಡಿ. ಕಬ್ಬು ಕಡಿಯಲು ಬೀಡ, ಜತ್ತ, ವಿಜಯಪುರ ಕಡೆಯಿಂದ ಬಂದು ಹೊಲದ ಬದಿಯ ಕೊಪಿಯಲ್ಲಿ ಮಲಗುವ ಮಕ್ಕಳೂ ಈ ತಿಂಗಳುಗಳಲ್ಲಿ ನಮ್ಮ ಸುತ್ತ ಇದ್ದಾರೆ. ಇಲ್ಲದ್ದನ್ನು ಬರೆಯಿಸಿ ಮಗುವನ್ನು ಸಣ್ಣದು ಮಾಡಬಾರದು.

2. ಎರಡು ಭಾಷೆಯ ಚಳಿ ಪದಗಳು. ವಹಿಯ ನಡುವೆ ಗೆರೆ ಹಾಕಿಸಿ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ. ಇಬ್ಬನಿಗೆ ದವ, ಮಂಜಿಗೆ ಧುಕೆ, ಸೀತನಿಗೆ ಹುರಡಾ, ಆಣೆಕಲ್ಲಿಗೆ ಗಾರಾ, ಬೆಲ್ಲದ ಪೆಂಟಿಗೆ ಢೇಪ. ಕನ್ನಡದಲ್ಲಿ 'ಮಂಜು' ಎಂಬ ಒಂದೇ ಮಾತನ್ನು ಮುಂಜಾನೆಯ ಮಬ್ಬಿಗೂ ಹಿಮಕ್ಕೂ ಬಳಸುತ್ತಾರೆ ಎಂಬುದು ಮಕ್ಕಳಿಗೆ ಆಶ್ಚರ್ಯ. ಯಾವ ಪದ ಮನೆಯಲ್ಲಿ ಇನ್ನೂ ಬದುಕಿದೆ, ಯಾವುದು ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿದೆ ಎಂದು ಮಕ್ಕಳೇ ಗುರುತು ಹಾಕಲಿ.

3. ಗಾಣದ ಮನೆಯಲ್ಲಿ ಒಂದು ತಾಸು. ಕೊಲ್ಹಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅಂಥ ಬೆಲ್ಲ ತಯಾರಾಗುವ ಜಾಗ ಶಾಲೆಯ ಹತ್ತಿರವೇ ಇರುವಾಗ ಮಕ್ಕಳು ಪುಸ್ತಕದಲ್ಲಿ ಏಕೆ ಓದಬೇಕು? ರಸ ಬರುವುದು, ಕಡಾಯಿಯಲ್ಲಿ ಕುದಿಯುವುದು, ಬೆಂಡೆ ಗಿಡದ ಲೋಳೆ ಹಾಕಿ ಮೇಲೆ ಬಂದ ಕೊಳೆ ತೆಗೆಯುವುದು, ಬಣ್ಣ ಬದಲಾಗುವುದು, ಪೆಂಟಿ ಕಟ್ಟುವುದು. ಇದನ್ನು 'ಮೊದಲು, ಆಮೇಲೆ, ಕೊನೆಗೆ' ಎಂಬ ಕ್ರಮದಲ್ಲಿ ಬರೆಯಿಸಿ. ಕುದಿಯುವ ಕಡಾಯಿಯಿಂದ ಮಕ್ಕಳನ್ನು ದೂರ ನಿಲ್ಲಿಸುವ ಹೊಣೆ ನಮ್ಮದು.

4. ಅಜ್ಜಿಯ ಶೀಶೆ. ಕಡಲೆ ಹೊಲದಲ್ಲಿ ಚಳಿಗಾಲದ ನಸುಕಿನಲ್ಲಿ ಗಿಡಗಳ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಹಾಸಿ, ಇಬ್ಬನಿಯ ಜೊತೆ ಹೀರಿಕೊಂಡ ಹುಳಿಯನ್ನು ಹಿಂಡಿ ಶೀಶೆಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆ ನೋವಿಗೆ ಅದೇ ಮನೆಮದ್ದು. ಕಡಲೆ ಹುಳಿ ಎಂದರೆ ಏನು, ಯಾರು ತೆಗೆಯುತ್ತಿದ್ದರು, ಈಗ ಯಾಕೆ ಇಲ್ಲ ಎಂದು ಅಜ್ಜಿಯನ್ನು ಕೇಳಿ ಬರೆಯಲಿ. ಅಜ್ಜಿ ಆಡಿದ ಮಾತನ್ನು ಅಜ್ಜಿಯ ಕನ್ನಡದಲ್ಲೇ ಇಡಿ.

5. ನಮ್ಮ ಊರಿನ 'ಸ್ನೋ ಡೇ'. ನಮ್ಮಲ್ಲಿ ಶಾಲೆಗೆ ರಜೆ ಕೊಡಿಸುವುದು ಹಿಮವಲ್ಲ, ಮಳೆ. 2019ರಲ್ಲಿ ಮತ್ತು 2021ರಲ್ಲಿ ಪಂಚಗಂಗೆ ಉಕ್ಕಿ ಬಂದಾಗಿನ ದಿನಗಳನ್ನು ಯಾರು ಮರೆತಿದ್ದಾರೆ? ಗಡಹಿಂಗ್ಲಜದಲ್ಲಿ ಹಿರಣ್ಯಕೇಶಿ ತುಂಬಿದರೂ ಮಕ್ಕಳ ಕಣ್ಣು ಸೇತುವೆಯ ಮೇಲೆಯೇ. ಆ ದಿನ ಏನು ಮಾಡಿದಿರಿ, ಅಟ್ಟಕ್ಕೆ ಏನೇನು ಸಾಗಿಸಿದಿರಿ ಎಂದು ಮನೆಯವರನ್ನು ಕೇಳಿ ಬರೆಯಲಿ. ಚಿಕ್ಕವರಿಗೆ ರಜೆ ಎಂದರೆ ಸಂತೋಷ, ದೊಡ್ಡವರಿಗೆ ಚಿಂತೆ. ಎರಡನ್ನೂ ಒಂದೇ ಪುಟದಲ್ಲಿ ಬರೆಯಲು ಹೇಳಿ.

6. ಈಗ ಹಿಮ. ಇಷ್ಟಾದ ಮೇಲೆ ಹಿಮಕ್ಕೆ ಹೋಗೋಣ. ಅದೂ ನಮಗೆ ಪೂರ್ತಿ ದೂರದ್ದಲ್ಲ. ಮಹಾಬಳೇಶ್ವರದ ವೆಣ್ಣಾ ಕೆರೆಯ ಸುತ್ತ ಕೆಲವು ವರ್ಷ ಚಳಿ ಹೆಚ್ಚಾಗಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಮಾರ್ಚ್-ಏಪ್ರಿಲ್‌ನ ಅವಕಾಳಿ ಮಳೆಯಲ್ಲಿ ಬಿದ್ದ ಆಣೆಕಲ್ಲನ್ನು ಕೈಯಲ್ಲಿ ಹಿಡಿದ ಮಕ್ಕಳಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಜಿಲ್ಲೆಯ ಹಳ್ಳಿಗಳಿಂದ ಸೈನ್ಯಕ್ಕೆ ಹೋದವರು ಎಷ್ಟೊಂದು ಜನ! ಶಿರೋಳ ತಾಲ್ಲೂಕಿನ ಒಂದು ಊರಿಗೆ ಸೈನಿಕ ಟಾಕಳಿ ಎಂದೇ ಹೆಸರು. ಸುಗ್ಗಿಗೋ ಜಾತ್ರೆಗೋ ರಜೆಯ ಮೇಲೆ ಬಂದ ಸೈನಿಕರನ್ನು ಶಾಲೆಗೆ ಕರೆಯಿರಿ. ಹಿಮದಲ್ಲಿ ನೀರು ಹೇಗೆ ಕುಡಿಯುತ್ತೀರಿ, ನಿದ್ದೆ ಹೇಗೆ, ಬೂಟಿನೊಳಗೆ ಕಾಲು ಏನಾಗುತ್ತದೆ ಎಂದು ಮಕ್ಕಳೇ ಹತ್ತು ಪ್ರಶ್ನೆ ಬರೆದುಕೊಂಡು ಕೇಳಲಿ.

ದೊಡ್ಡ ಮಕ್ಕಳಿಗೆ ಹನುಮಂತಪ್ಪ ಕೊಪ್ಪದ ಅವರ ವಿಷಯ ಹೇಳಬಹುದು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಈ ಲಾನ್ಸ್ ನಾಯಕ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಹಿಮಕುಸಿತದಲ್ಲಿ ಹೂತುಹೋದ ಹತ್ತು ಮಂದಿಯಲ್ಲಿ ಒಬ್ಬರು. ಆರು ದಿನಗಳ ಮೇಲೆ ಜೀವಂತ ಸಿಕ್ಕರು. ದೇಶವೆಲ್ಲ ಬೇಡಿಕೊಂಡಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಿಮ ಎಂದರೆ ಬೊಂಬೆ ಮಾಡಿ ಆಡುವ ವಸ್ತು ಮಾತ್ರವಲ್ಲ ಎಂದು ಇದನ್ನು ಕೇಳಿದ ಮಗುವಿಗೆ ಬೇರೆ ಹೇಳಬೇಕಾಗಿಲ್ಲ. ಇದಾದ ಮೇಲೆ ಅವರು ಬರೆಯುವ ಹಿಮದ ಕಥೆಯೇ ಬೇರೆಯಾಗಿರುತ್ತದೆ.

7. ಹಿಮದ ಊರಿನ ಕನ್ನಡ ಗೆಳೆಯನಿಗೆ ಪತ್ರ. ಅಮೆರಿಕದಲ್ಲಿ ಕನ್ನಡ ಮನೆಗಳಿವೆ, ಅಲ್ಲಿಯೂ ವಾರಕ್ಕೊಮ್ಮೆ ಕನ್ನಡ ಕಲಿಯುವ ಮಕ್ಕಳಿದ್ದಾರೆ. ಅಂಥ ಒಬ್ಬ ಗೆಳೆಯ ಇದ್ದಾನೆ ಎಂದುಕೊಂಡು ಪತ್ರ ಬರೆಯಲಿ. ಅವನಿಗೆ ಸೀತನಿ ಗೊತ್ತಿಲ್ಲ, ಸಂಕ್ರಾಂತಿ ಹೊತ್ತಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಗೊತ್ತಿಲ್ಲ. ಗೊತ್ತಿಲ್ಲದವನಿಗೆ ತಿಳಿಯುವಂತೆ ಬರೆಯುವುದೇ ಒಳ್ಳೆಯ ಅಭ್ಯಾಸ.

ಇನ್ನು ತಿದ್ದುವ ವಿಷಯ. ಇಲ್ಲಿ ಕೆಲವರು ನಮ್ಮ ಜೊತೆ ಜಗಳಕ್ಕೇ ಬರುತ್ತಾರೆ. "ಹೀಗೆ ಮನೆಮಾತು, ಮರಾಠಿ ಎಲ್ಲಾ ಬಿಟ್ಟರ ಮಕ್ಕಳು ಶುದ್ಧ ಬರಿಯೂದು ಯಾವಾಗರೀ ಗುರುಜಿ?" ಎಂದು ಒಬ್ಬ ಪಾಲಕರು ಕೇಳಿದರು. ಪ್ರಶ್ನೆ ಸರಿಯಾಗಿದೆ. ಪರೀಕ್ಷೆ ಇದೆ, ಮುಂದೆ ಕಾಲೇಜು ಇದೆ. ನಮ್ಮ ಉತ್ತರ ಇಷ್ಟೇ. ಎರಡು ಸಲ ಬರೆಯಿಸಿ. ಮೊದಲ ಸಲ ಕೆಂಪು ಪೆನ್ನು ಕಿಸೆಯಲ್ಲಿರಲಿ. ಮಗು ಬಾಯಲ್ಲಿ ಬಂದ ಹಾಗೆ ಬರೆಯಲಿ, ಕನ್ನಡ ಪದ ಸಿಗದಿದ್ದರೆ ಮರಾಠಿ ಪದವನ್ನೇ ಇಡಲಿ. ಎರಡನೇ ಸಲ ನಾವೂ ಮಗುವೂ ಕೂಡಿ ಕೂತು 'ಬರತಾನ' ಎಂಬುದನ್ನು ಪುಸ್ತಕದಲ್ಲಿ 'ಬರುತ್ತಾನೆ' ಎಂದು ಬರೆಯುತ್ತಾರೆ ಎಂದು ತೋರಿಸೋಣ. ಮನೆಮಾತು ತಪ್ಪು ಎಂದು ಹೇಳುವುದು ಬೇಡ, ಪುಸ್ತಕದ ಮಾತು ಹೀಗೆ ಎಂದು ಹೇಳೋಣ. ವ್ಯತ್ಯಾಸ ಸಣ್ಣದೆನಿಸಬಹುದು, ಮಗುವಿಗೆ ಅದು ಬಹಳ ದೊಡ್ಡದು. ತನ್ನ ಅವ್ವ ಆಡುವ ಮಾತಿನ ಕೆಳಗೆ ಕೆಂಪು ಗೆರೆ ಬಿದ್ದರೆ ಯಾವ ಮಗು ಮತ್ತೆ ಮನಸ್ಸು ಬಿಚ್ಚಿ ಬರೆದೀತು?

ಸಮಯ ಎಲ್ಲಿದೆ ಎಂದು ನೀವು ಕೇಳಬಹುದು. ನಮಗೂ ಅದೇ ಕಷ್ಟ. ಮಾಹಿತಿ ತುಂಬುವುದು, ಸಭೆ, ಊಟದ ಲೆಕ್ಕ ಎಲ್ಲವೂ ಇದೆ. ನಾವು ಟಿ.ಸಿ.ಎಚ್. ಕಲಿಯುವಾಗ ಪಾಠ ಟಿಪ್ಪಣಿ ಚೆಂದ ಬರೆಯುವುದನ್ನು ಕಲಿತೆವು, ಮಕ್ಕಳು ಬರೆದದ್ದನ್ನು ಓದುವುದನ್ನು ಕಲಿತದ್ದು ಆಮೇಲೆ. ವಾರಕ್ಕೆ ಒಂದು ತಾಸು ಸಾಕು. ಶನಿವಾರದ ಮುಂಜಾನೆ ಶಾಲೆ ಇದಕ್ಕೆ ಅನುಕೂಲ. ಮಕ್ಕಳನ್ನು ಅಂಗಳದ ಬಿಸಿಲಿಗೆ ಕೂರಿಸಿ ಬರೆಯಿಸಿ.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, "ಗುರುಜಿ, ನನ್ನ ಹಿಮದ ನಿಬಂಧ ನೆನಪೈತೇನ್ರಿ?" ಎಂದು ಕೇಳಿದ. ನೆನಪಿದೆಯಪ್ಪಾ ಎಂದೆವು. ಅಪ್ಪ ಹೇಗಿದ್ದಾರೆ ಎಂದು ಕೇಳಿದೆವು. "ಈಗ ಪಾಳಿ ಬಿಟ್ಟಾರ್ರಿ, ಕೆಮ್ಮು ಹಂಗ ಐತಿ" ಎಂದ.

ಈ ಚಳಿಗಾಲದಲ್ಲಿ ನಿಮ್ಮ ಶಾಲೆಯ ಮಕ್ಕಳು ಏನು ಬರೆದರು ಎಂದು ನಮಗೂ ತಿಳಿಸಿ. ತಿದ್ದದೇ ಕಳಿಸಿ.