ಹುಳವಿಲ್ಲದ ಅವರೆಕಾಯಿ

ಹೋದ ವರ್ಷ ಚಳಿಗಾಲದಲ್ಲಿ ಅವರೆಕಾಯಿ ಮಾರುವ ಅಜ್ಜಿಯ ಹತ್ತಿರ ಜಗಳ ತೆಗೆದೆ. ಎರಡು ಕೆ.ಜಿ. ಕಾಯಿ ಸುಲಿಯಲು ಕೂತರೆ ಏಳೆಂಟರಲ್ಲಿ ಹಸಿರು ಹುಳ. ಮರುದಿನ ಸ್ಕೂಲಿಗೆ ಹೋಗುವಾಗ, "ಏನಜ್ಜಿ, ದುಡ್ಡು ತಗೊಂಡು ಹುಳ ಕೊಡ್ತೀಯಾ?" ಎಂದೆ. ಅಜ್ಜಿ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಹುಳ ಇಲ್ದಿರೋದು ಬೇಕಾದ್ರೆ ಆ ಕಡೆ ಅಂಗಡೀಲಿ ಐತೆ, ತಗಳವ್ವ. ಹೂವಾದಾಗಿಂದ ನಾಕು ಸಲ ಔಸ್ದಿ ಹೊಡೆದವ್ರೆ. ಹುಳ ತಿಂದು ಸತ್ತಿದ್ದನ್ನ ನಿನ್ನ ಮಕ್ಳು ತಿನ್ಲಿ" ಎಂದಳು.

ಮೂವತ್ತು ವರ್ಷ ಮಕ್ಕಳ ಬಾಯಿ ಮುಚ್ಚಿಸಿದ ಟೀಚರ್ ನಾನು. ಅಂದು ನನ್ನ ಬಾಯಿ ಮುಚ್ಚಿತು.

ನನ್ನ ತವರು ಮಾಗಡಿ ಕಡೆ. ಅಪ್ಪ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದರು: ಕೆಲವು ಸಾಲು ರಾಗಿ, ನಡುವೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು. ರಾಗಿ ಕೊಯ್ದ ಮೇಲೆ ಹೊಲ ಅವರೆಯದು. ಇಬ್ಬನಿ ಬಿದ್ದಂತೆ ಸೊಗಡು ಏರುತ್ತಿತ್ತು. ಅಪ್ಪ ಓದಿದವರಲ್ಲ, ಆದರೂ ರಾಗಿಯ ಮೇಲೆ ರಾಗಿಯನ್ನೇ ಬಿತ್ತಿದರೆ ಭೂಮಿ ಸೊರಗುತ್ತದೆಂದು ಬಲ್ಲವರು. ಅವರೆಯ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆಂದು ನಾನು ಬಿ.ಎ. ಬಿ.ಎಡ್. ಮಾಡಿ ತಿಳಿದೆ. ಇಂಗ್ಲೆಂಡಿನ ರೈತರೂ ಗೋಧಿಯ ಹೊಲಕ್ಕೆ ಒಂದು ವರ್ಷ ಬಿಡುವು ಕೊಟ್ಟು ಅವರೆಯ ಜಾತಿಯ ಕಾಳು ಬಿತ್ತುತ್ತಾರಂತೆ. ನಮ್ಮವರು ಆ ಬಿಡುವನ್ನು ಅದೇ ವರ್ಷ, ಅದೇ ಹೊಲದ ಸಾಲಿನಲ್ಲೇ ಕೊಟ್ಟರು.

ಇಂದು ತಮ್ಮನ ಹೊಲದಲ್ಲಿ ಅಕ್ಕಡಿಯಿಲ್ಲ. ಬರೀ ಅವರೆ, ಅದೂ ಪೇಟೆಗೆಂದೇ. ಯಾಕೋ ಇಷ್ಟು ಔಷಧಿ ಹೊಡೆಯುತ್ತೀಯ ಎಂದರೆ, "ಅಕ್ಕ, ಒಂದು ಹುಳ ಕಂಡ್ರೆ ನಿಮ್ಮ ಪೇಟೆಯೋರು ಮೂಟೆನೇ ವಾಪಸ್ ಕಳಿಸ್ತಾರೆ" ಎನ್ನುತ್ತಾನೆ. ಕಾಯಿಕೊರಕದ ಕಾಟ ಹೂವಿನ ಕಾಲಕ್ಕೇ ಶುರು. ಜೇನು ಬರುವುದೂ ಆಗಲೇ. ಬೆಳಿಗ್ಗೆ ಹೊಡೆದ ವಿಷಕ್ಕೆ ಕಳ್ಳ ಯಾರು, ನೆಂಟ ಯಾರು ಎಂದು ಗೊತ್ತಾಗುವುದುಂಟೆ?

ಅವರೆ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಜೇನು ಸತ್ತರೆ ಅವರೆಗೇನು ನಷ್ಟ ಎಂದು ಬುದ್ಧಿವಂತರು ಕೇಳುತ್ತಾರೆ. ಮಾತು ಸರಿ. ಆದರೆ ಹುಚ್ಚೆಳ್ಳಿಗೆ ತನ್ನ ಪರಾಗ ತನಗೇ ಒಗ್ಗದು. ಬೇರೆ ಗಿಡದ್ದನ್ನು ಜೇನೇ ತರಬೇಕು. ಕುಂಬಳ, ಸೌತೆಗಳಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ನಡುವೆ ಓಡಾಡುವವರು ಬೇಕು. ಅವರೆಗೆ ಹೊಡೆದ ವಿಷ ಪಕ್ಕದ ಹಿತ್ತಿಲಿನ ಕುಂಬಳಕಾಯಿಯನ್ನು ಕಸಿಯುತ್ತದೆ. ಒಂದು ಮನೆಯ ಜಂಭಕ್ಕೆ ಇನ್ನೊಂದು ಮನೆ ಉಪವಾಸವಿದ್ದ ಹಾಗೆ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನಿನ ಪೆಟ್ಟಿಗೆಗಳು ಬರಿದಾದವು. ಅದು ರೋಗ, ನಮ್ಮ ಕೈಯಲ್ಲಿರಲಿಲ್ಲ. ಹೂವಿನ ಮೇಲೆ ವಿಷ ಹೊಡೆಯುವುದು ರೋಗವಲ್ಲ. ಇಮಿಡಾಕ್ಲೋಪ್ರಿಡ್ ಸೇರಿ ಮೂರು ಕೀಟನಾಶಕಗಳನ್ನು ಬಯಲಿನ ಬೆಳೆಗಳಿಗೆ ಬಳಸಬಾರದೆಂದು ಐರೋಪ್ಯ ಒಕ್ಕೂಟ 2018ರಲ್ಲಿ ನಿಷೇಧಿಸಿತು, ಜೇನಿನ ಸಲುವಾಗಿಯೇ. ನಮ್ಮಲ್ಲಿ ಅದು ಇನ್ನೂ ಅಂಗಡಿಯಲ್ಲಿ ಸಿಗುತ್ತದೆ.

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ಮೂರು ವರ್ಷದ ಹಿಂದೆ ನಮ್ಮ ಶಾಲೆಯ ಮಹಡಿಯ ಅಂಚಿಗೆ ಹೆಜ್ಜೇನು ಕಟ್ಟಿತು. ಮಕ್ಕಳಿಗೆ ಕಚ್ಚೀತೆಂಬ ಭಯ ಸುಳ್ಳಲ್ಲ. ಹೂವಿನ ಕಾಲ ಮುಗಿದರೆ ಅದು ತಾನೇ ಎದ್ದು ಹೋಗುತ್ತದೆ. ಅಲ್ಲಿಯವರೆಗೆ ಆ ಕಡೆ ಮಕ್ಕಳು ಸುಳಿಯದಂತೆ ನೋಡಿಕೊಳ್ಳಬಹುದಿತ್ತು. ನಾವು ರಾತ್ರಿ ಪಂಜು ಹಿಡಿಸಿ ಸುಡಿಸಿದೆವು. ಕಾಗದಕ್ಕೆ ನಾನೂ ಸಹಿ ಹಾಕಿದ್ದೆ. ಬೆಳಿಗ್ಗೆ ಆಯಾ ಎರಡು ಮೊರ ಸತ್ತ ಜೇನು ಗುಡಿಸಿದಳು. ಅಂದೇ ಎರಡನೇ ಪೀರಿಯಡ್ಡಿನಲ್ಲಿ ನಾನು ಬೋರ್ಡಿನ ಮೇಲೆ ಹೂವಿನ ಚಿತ್ರ ಬರೆದು ಪರಾಗಸ್ಪರ್ಶದ ಪಾಠ ಮಾಡಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಇನ್ನು ನಮ್ಮ ಸ್ಕೂಲ್ ತೋಟದ ಹೂವಿಗೆ ಯಾರು ಬರ್ತಾರೆ?" ಎಂದಳು. ಬೆಲ್ ಆಯಿತೆಂದು ಹೊರಟುಬಂದೆ. ಬೆಲ್ ಆಗಿರಲಿಲ್ಲ.

ಉಂಡ ಮನೆಗೆ ಎರಡು ಬಗೆಯಬಾರದೆಂದು ಮಕ್ಕಳಿಗೆ ಹೇಳುವವರು ನಾವೇ. ರೈತರನ್ನು ಬೈಯುವುದು ಸುಲಭ. ಆದರೆ ತರಕಾರಿ ಅಂಗಡಿಯ ಮುಂದೆ ನಿಂತು ಕಾಯಿ ಮುರಿದು ನೋಡಿ ಮುಖ ಸಿಂಡರಿಸುವವರು ಯಾರು? ನೀವು, ನಾನು. ಪೇಟೆಯ ನಮ್ಮ ಅಚ್ಚುಕಟ್ಟೇ ಹೊಲದಲ್ಲಿ ವಿಷವಾಗುತ್ತಿದೆ. ನಾಲ್ಕು ಹುಳಕ್ಕೆ ನಾವು ಒಗ್ಗಿಕೊಂಡರೆ, ಹೂವಿನ ಹೊತ್ತಿನಲ್ಲಿ ಕೈ ತಡೆಯಲು, ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಸಂಜೆಗೆ ಹೊಡೆಯಲು ರೈತನಿಗೆ ಧೈರ್ಯ ಬಂದೀತು.

ಈ ವರ್ಷ ಅದೇ ಅಜ್ಜಿಯ ಹತ್ತಿರ ಮೂರು ಕೆ.ಜಿ. ತಂದೆ. ಹುಳ ಇದ್ದವನ್ನು ಬೇರೆ ಹಾಕಿ, ಉಳಿದದ್ದರಲ್ಲಿ ಹಿತಕಿದಬೇಳೆ ಹುಳಿ ಮಾಡಿದೆ. ಮನೆಯಲ್ಲಿ ಯಾರೂ ಹುಳದ ಮಾತೆತ್ತಲಿಲ್ಲ. ಇನ್ನೊಂದು ಸೌಟು ಬಡಿಸು ಎಂದರು.