ಕೈ ಎತ್ತಿದ ಮೇಲೂ ನಾಯಿ ಬಿಟ್ಟರೆ ಹೊಣೆ ಯಾರದ್ದು?

ಮಸ್ಕತ್: 2023ರ ಜುಲೈ 4. ಅಮೆರಿಕದ ಓಹಾಯೋ ರಾಜ್ಯ. ಹಿಂಬದಿಯ ಮಡ್‌ಫ್ಲಾಪ್ ಇಲ್ಲ ಅಂತ ಒಂದು ಟ್ರಕ್ಕನ್ನು ಪೊಲೀಸರು ತಡೆಯಲು ಹೋದರು. ಚಾಲಕ ಕಪ್ಪುವರ್ಣದ ಯುವಕ. ಹೆದರಿ ತುಂಬಾ ದೂರ ಗಾಡಿ ನಿಲ್ಲಿಸಲೇ ಇಲ್ಲ. ಕೊನೆಗೆ ಇಳಿದು ಎರಡೂ ಕೈ ಮೇಲೆತ್ತಿದ. 'ಕೈ ಎತ್ತಿದ್ದಾನೆ, ನಾಯಿ ಬಿಡಬೇಡಿ' ಅಂತ ಹೆದ್ದಾರಿ ಪೊಲೀಸರೇ ಕೂಗಿದರು. ಆದರೂ ಸರ್ಕಲ್‌ವಿಲ್ ಎಂಬ ಊರಿನ ಪೊಲೀಸ್ ನಾಯಿ ಬಿಟ್ಟ. ವಿಡಿಯೋ ಹೊರಬಿದ್ದ ಮೇಲೆ ಆತ ಕೆಲಸ ಕಳೆದುಕೊಂಡ.

ಸೊಹಾರ್, ಸಲಾಲ ರಸ್ತೆಗಳಲ್ಲಿ ಟ್ರೇಲರ್ ಓಡಿಸುವ ನಮ್ಮವರಿಗೆ ಇದು ದೂರದ ಸುದ್ದಿ. ನಾವು ಪೊಲೀಸ್ ನಾಯಿ ನೋಡೋದು ಹೆಚ್ಚೆಂದರೆ ಏರ್‌ಪೋರ್ಟಿನಲ್ಲಿ, ಅದು ಲಗೇಜು ಮೂಸುವಾಗ. ಆದರೆ ಇದರ ಹಿಂದಿರುವ ಪ್ರಶ್ನೆ ನಮ್ಮದೂ ಹೌದು. ಸಮವಸ್ತ್ರದಲ್ಲಿರುವವನು ಬಲ ಮೀರಿ ಬಳಸಿದರೆ ಸಾಮಾನ್ಯ ಮನುಷ್ಯ ಯಾರನ್ನು ಕೇಳಬೇಕು?

ಅಮೆರಿಕದಲ್ಲಿ ಕೇಳಲು ಒಂದು ದಾರಿ ಇದೆ. 1871ರ ನಾಗರಿಕ ಹಕ್ಕುಗಳ ಕಾನೂನಿನಡಿ ಪೊಲೀಸರ ಮೇಲೆ ಪರಿಹಾರದ ದಾವೆ ಹೂಡಬಹುದು. 1963ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೆರವಣಿಗೆ ಹೊರಟ ಕಪ್ಪು ಹುಡುಗರ ಮೇಲೆ ನಾಯಿ ಬಿಟ್ಟ ಫೋಟೋಗಳು ಜಗತ್ತನ್ನೇ ಕಲಕಿದ್ದವು. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಪೊಲೀಸರು ಬಳಸಿದ ಬಲ ಸರಿಯೇ ಎಂದು ತೂಗಲು ಮೂರು ಪ್ರಶ್ನೆ ಮುಂದಿಟ್ಟಿತು: ಅಪರಾಧ ಎಷ್ಟು ಗಂಭೀರ? ಆ ವ್ಯಕ್ತಿಯಿಂದ ಯಾರಿಗಾದರೂ ತಕ್ಷಣದ ಅಪಾಯ ಇದೆಯೇ? ಅವನು ಪ್ರತಿರೋಧಿಸುತ್ತಿದ್ದಾನೆಯೇ, ಓಡುತ್ತಿದ್ದಾನೆಯೇ? ಮಡ್‌ಫ್ಲಾಪ್ ಪ್ರಕರಣವನ್ನು ಈ ತಕ್ಕಡಿಗೆ ಹಾಕಿ ನೋಡಿ, ಉತ್ತರ ನಿಮಗೇ ಸಿಗುತ್ತದೆ.

ದಾರಿ ಇದ್ದರೂ ಸುಲಭ ಅಲ್ಲ. ಇಂಥದ್ದೇ ಕೃತ್ಯ ತಪ್ಪು ಅಂತ ಮೊದಲೇ ಸ್ಪಷ್ಟ ತೀರ್ಪು ಇಲ್ಲದಿದ್ದರೆ ಅಧಿಕಾರಿಗೆ ವಿನಾಯಿತಿ ಸಿಗುತ್ತದೆ. ಬಹಳ ದಾವೆಗಳು ಅಲ್ಲೇ ಬೀಳುತ್ತವೆ. ಕಚ್ಚಿಸಿಕೊಳ್ಳುವವರು ಯಾರು ಅನ್ನೋದೂ ಗಮನಿಸಬೇಕು. ಫರ್ಗುಸನ್ ಪೊಲೀಸರ ಬಗ್ಗೆ 2015ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಕೊಟ್ಟ ವರದಿಯ ಪ್ರಕಾರ, ವರ್ಣದ ದಾಖಲೆ ಇದ್ದ ಪ್ರತಿಯೊಂದು ನಾಯಿ ಕಡಿತದಲ್ಲೂ ಕಚ್ಚಿಸಿಕೊಂಡವರು ಕಪ್ಪುಜನರೇ.

ನಮ್ಮ ಪಕ್ಕದ ಇರಾಕಿನ ಪ್ರಕರಣ ಇನ್ನೂ ಹತ್ತಿರದ್ದು. ಅಬೂ ಘ್ರೈಬ್ ಜೈಲಿನಲ್ಲಿ ಕೈದಿಗಳಿಗೆ ನಾಯಿಗಳಿಂದ ಹೆದರಿಸಿದ್ದಕ್ಕೆ 2006ರಲ್ಲಿ ಒಬ್ಬ ಅಮೆರಿಕನ್ ಸೈನಿಕನಿಗೆ ಸಿಕ್ಕಿದ್ದು ಬರೀ 179 ದಿನ ಜೈಲು. ಅದೇ ಜೈಲಿನಲ್ಲಿ ನರಳಿದ ಮೂವರು ಇರಾಕಿಗಳು, ಒಬ್ಬ ಶಾಲಾ ಮುಖ್ಯಸ್ಥ, ಒಬ್ಬ ಹಣ್ಣಿನ ವ್ಯಾಪಾರಿ, ಒಬ್ಬ ಪತ್ರಕರ್ತ, ವಿಚಾರಣೆಗೆ ಜನ ಒದಗಿಸಿದ್ದ ಸಿಎಸಿಐ ಕಂಪನಿಯ ಮೇಲೆ 2008ರಲ್ಲಿ ಕೇಸು ಶುರುಮಾಡಿದರು. 'ಜನ ಕೊಟ್ಟಿದ್ದಷ್ಟೇ ನಾವು, ಕೆಲಸ ಮಾಡಿಸಿದ್ದು ಸೇನೆ' ಅಂದಿತು ಕಂಪನಿ. ಮ್ಯಾನ್‌ಪವರ್ ಸಪ್ಲೈ ಕಂಪನಿಯಲ್ಲಿ ದುಡಿದವರಿಗೆ ಈ ಮಾತು ಹೊಸದಲ್ಲ. ಸಂಬಳ ಬಾಕಿ ಕೇಳಿದರೆ ಸೈಟಿನವರು ಸಪ್ಲೈಯರನ್ನು ತೋರಿಸುತ್ತಾರೆ, ಸಪ್ಲೈಯರು ಸೈಟಿನವರನ್ನು. ವರ್ಜೀನಿಯಾದ ಜ್ಯೂರಿ ಆ ವಾದ ಒಪ್ಪಲಿಲ್ಲ. 2024ರ ನವೆಂಬರ್‌ನಲ್ಲಿ ಮೂವರಿಗೂ ಸೇರಿ 4.2 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಕಂಪನಿ ಮೇಲ್ಮನವಿಯ ಮಾತಾಡಿತು. ಅಷ್ಟಕ್ಕೇ ಹದಿನಾರು ವರ್ಷ ಕಳೆದಿತ್ತು.

ಊರಿನ ಕಾನೂನು ಏನನ್ನುತ್ತದೆ? ಒಡಿಶಾದಲ್ಲಿ ಪೊಲೀಸ್ ವಶದಲ್ಲಿದ್ದ ಮಗ ಸತ್ತಾಗ ತಾಯಿಯೊಬ್ಬರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಅರ್ಜಿಯಾಯಿತು. 1993ರಲ್ಲಿ ಸರ್ಕಾರ ಆ ತಾಯಿಗೆ 1.5 ಲಕ್ಷ ರೂಪಾಯಿ ಕೊಡಬೇಕೆಂದು ಕೋರ್ಟ್ ಹೇಳಿತು. 1996ರ ಡಿ.ಕೆ. ಬಸು ತೀರ್ಪು, ಬಂಧನದ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ವಶದಲ್ಲಿ ಇರುವಷ್ಟು ದಿನ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು ಎಂದಿತು. ಊರಲ್ಲಿ ತಮ್ಮನನ್ನೋ ಮಗನನ್ನೋ ಸ್ಟೇಷನ್ನಿಗೆ ಕರೆದೊಯ್ದರು ಅಂತ ಫೋನ್ ಬಂದರೆ, ಗಾಬರಿಯಾಗುವ ಮೊದಲು ಈ ಮೂರನ್ನು ಮನೆಯವರಿಗೆ ನೆನಪಿಸಿ.

ಇನ್ನು ನಾವಿರುವ ನೆಲ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆ ಒಪ್ಪಂದಕ್ಕೆ ಒಮಾನ್ 2020ರಲ್ಲಿ ಸೇರಿತು. ವಿಯೆನ್ನಾ ಕಾನ್ಸುಲರ್ ಒಪ್ಪಂದದ ಪ್ರಕಾರ, ಬಂಧಿತ ವಿದೇಶಿ ಕೇಳಿದರೆ ಆತನ ರಾಯಭಾರ ಕಚೇರಿಗೆ ತಿಳಿಸಬೇಕು. ಹಾಗಾಗಿ ಎಂಥ ಸಂದರ್ಭದಲ್ಲೂ ಓಡಬೇಡಿ, ವಾದಕ್ಕೂ ಇಳಿಯಬೇಡಿ. 'ಎಂಬಸಿಗೆ ತಿಳಿಸಿ' ಅಂತ ಕೇಳಿ. ಓದಲು ಬಾರದ ಅರಬಿ ಕಾಗದಕ್ಕೆ ಸಹಿ ಹಾಕುವ ಮುನ್ನ ಅನುವಾದಕರನ್ನು ಕೇಳಿ. ಗಾಯವಾಗಿದ್ದರೆ ಆಸ್ಪತ್ರೆ ಚೀಟಿ ಕಾಪಾಡಿ. ಕೈಯಲ್ಲಿ ಕಾಸಿಲ್ಲದವರಿಗೆ ವಕೀಲರ ನೆರವು ಕೊಡಲು ರಾಯಭಾರ ಕಚೇರಿಯಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ.

ಓಹಾಯೋದಲ್ಲಿ ವಿಡಿಯೋ ಇತ್ತು, ಒಡಿಶಾದ ತಾಯಿಯ ಬಳಿ ಒಂದು ಪತ್ರವಷ್ಟೇ. ಇರಾಕಿನ ಮೂವರು ಹದಿನಾರು ವರ್ಷ ಕೇಸು ಕೈಬಿಡಲಿಲ್ಲ. ಕಾನೂನು ತಾನಾಗಿ ಯಾರ ಮನೆ ಬಾಗಿಲಿಗೂ ಬರಲಿಲ್ಲ. ಕಾಗದ ಇಟ್ಟುಕೊಂಡು ಕಾದವರಿಗೆ ತಡವಾಗಿಯಾದರೂ ಬಾಗಿಲು ತೆರೆಯಿತು.